ಸದಸ್ಯಾಧಾರಿತ ಸಂಘಗಳಲ್ಲಿ ನಾಯಕತ್ವ ಮತ್ತು ತಂಡಕಾರ್ಯ

ಸದಸ್ಯಾಧಾರಿತ ಸಂಘಗಳೆಂದರೆ ಸದಸ್ಯರೇ ಒಡೆಯರಾಗಿದ್ದು, ಸದಸ್ಯರೇ ಆಡಳಿತ ಮಂಡಳಿಯನ್ನು ಆರಿಸಿ, ಬಹುಮಟ್ಟಿಗೆ ಸದಸ್ಯರ ದುಡಿಮೆಯಿಂದಲೇ ನಡೆಯುವ ಸಂಸ್ಥೆಗಳು. ಸಾಹಿತ್ಯ ಮತ್ತು ಕಲಾ ಸಂಘಗಳು, ಸಹಕಾರ ಸಂಘಗಳು, ಕಾರ್ಮಿಕ ಸಂಘಟನೆಗಳು, ಸ್ವಸಹಾಯ ಗುಂಪುಗಳು, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಗಳು, ಹೊರನಾಡಿನ ಕನ್ನಡ ಸಂಘಗಳು ಈ ಬಗೆಯವು. ಇವುಗಳಲ್ಲಿ ಹೊಣೆಯನ್ನು ಹೇಗೆ ಹಂಚಬೇಕು, ತೀರ್ಮಾನಗಳನ್ನು ಹೇಗೆ ಕೈಗೊಳ್ಳಬೇಕು, ಅಧಿಕಾರವು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೇಗೆ ದಾಟಬೇಕು ಎಂಬ ಪ್ರಶ್ನೆಗಳು ಸಮಾಜಶಾಸ್ತ್ರ, ಮನಶ್ಶಾಸ್ತ್ರ ಮತ್ತು ಆಡಳಿತಶಾಸ್ತ್ರಗಳಲ್ಲಿ ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಚರ್ಚೆಗೊಳಗಾಗಿವೆ.

ಹಣವಿಲ್ಲದೆ ಸೊರಗಿದ ಸಂಘಗಳು ಉಂಟು. ಆದರೆ ಹಣವಿದ್ದೂ ಸೊರಗಿದ ಸಂಘಗಳ ಕಥೆಯನ್ನು ಪರಿಶೀಲಿಸಿದರೆ ಬಹಳ ಕಡೆ ಒಂದೇ ಕಾರಣ ಕಾಣಸಿಗುತ್ತದೆ: ಕೆಲಸ, ಮಾಹಿತಿ ಮತ್ತು ಸಹಿ ಮಾಡುವ ಅಧಿಕಾರ ಮೂರೂ ಕ್ರಮೇಣ ಕೆಲವೇ ಕೈಗಳಲ್ಲಿ ನೆಲೆಸಿ, ಉಳಿದ ಸದಸ್ಯರು ಪ್ರೇಕ್ಷಕರಾಗುವುದು. ಈ ಕ್ಷೇತ್ರದ ಸಿದ್ಧಾಂತಗಳೂ ಪ್ರಯೋಗಗಳೂ ಬಹುಪಾಲು ಈ ಒಂದು ಪ್ರವೃತ್ತಿಯನ್ನು ಅರಿಯುವುದಕ್ಕೆ ಮತ್ತು ತಡೆಯುವುದಕ್ಕೆ ಸಂಬಂಧಿಸಿವೆ.

ಸ್ವರೂಪ

ಖಾಸಗಿ ಕಂಪನಿಯಲ್ಲಿ ಮಾಲೀಕ, ನೌಕರ, ಗ್ರಾಹಕ ಎಂಬ ಮೂವರು ಸಾಮಾನ್ಯವಾಗಿ ಬೇರೆಬೇರೆಯಾಗಿರುತ್ತಾರೆ. ಸದಸ್ಯಾಧಾರಿತ ಸಂಘದಲ್ಲಿ ಈ ಮೂರೂ ಪಾತ್ರಗಳನ್ನು ಒಬ್ಬರೇ ವಹಿಸಬಹುದು. ಗ್ರಾಮದ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಬೆಳಗ್ಗೆ ಹಾಲು ಹಾಕುವ ರೈತ ಮಹಿಳೆ ಆ ಹೊತ್ತಿಗೆ ಉತ್ಪಾದಕಿ. ವಾರ್ಷಿಕ ಮಹಾಸಭೆಯಲ್ಲಿ ಜಮಾಖರ್ಚನ್ನು ಪ್ರಶ್ನಿಸುವಾಗ ಒಡತಿ. ಆಡಳಿತ ಮಂಡಳಿಗೆ ಆಯ್ಕೆಯಾದರೆ ಆಡಳಿತಗಾರ್ತಿ. ಆದ್ದರಿಂದ ಇಂಥ ಸಂಸ್ಥೆಯ ಅಧ್ಯಕ್ಷರಿಗೆ ಅಪ್ಪಣೆ ಕೊಡುವ ಅಧಿಕಾರ ಬಹಳ ಸೀಮಿತ. ಅವರು ತಮ್ಮ ಸದಸ್ಯರ ಸಂಬಳವನ್ನು ಕಡಿತಗೊಳಿಸಲಾರರು, ಬಡ್ತಿ ಕೊಡಲಾರರು. ಸಾರ್ವಜನಿಕ ಕಾರ್ಯಕ್ರಮಕ್ಕೆ ಕುರ್ಚಿ ಹಾಕಲು ಒಪ್ಪಿದ ಸ್ವಯಂಸೇವಕ ಬಾರದಿದ್ದರೆ ಕಾರಣ ಕೇಳಿ ನೋಟಿಸು ಕಳುಹಿಸುವಂತಿಲ್ಲ. ಉದ್ದೇಶದ ಮೇಲಿನ ನಂಬಿಕೆ, ಪರಸ್ಪರ ಗೌರವ, ತಾನೂ ಇದರ ಪಾಲುದಾರನೆಂಬ ಭಾವನೆ ಇವಷ್ಟೇ ಅವರ ಬಳಿ ಇರುವ ಸಾಧನಗಳು.

ಅಮೆರಿಕದ ಅರ್ಥಶಾಸ್ತ್ರಜ್ಞ ಮ್ಯಾನ್ಕರ್ ಓಲ್ಸನ್ 1965ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಇಂಥ ಗುಂಪುಗಳ ಮೂಲಭೂತ ತೊಡಕೊಂದನ್ನು ವಿವರಿಸಿದರು. ಸಂಘದ ಹೋರಾಟದಿಂದ ಬಡಾವಣೆಗೆ ನೀರು ಬಂದರೆ ದುಡಿದವರ ಮನೆಗೂ ದುಡಿಯದವರ ಮನೆಗೂ ಅದು ಒಂದೇ ಸಮನಾಗಿ ಬರುತ್ತದೆ. ಹೀಗಿರುವಾಗ ಪ್ರತಿಯೊಬ್ಬರಿಗೂ ಬೇರೆಯವರು ದುಡಿಯಲಿ ಎನಿಸುವುದು ಸಹಜ. ಗುಂಪು ದೊಡ್ಡದಾದಷ್ಟೂ ಈ ಪ್ರವೃತ್ತಿ ಬಲಗೊಳ್ಳುತ್ತದೆ ಎಂಬುದು ಓಲ್ಸನ್‌ರ ವಾದ.

ಆಲ್ಬರ್ಟ್ ಹಿರ್ಷ್‌ಮನ್ 1970ರಲ್ಲಿ ಇದೇ ವಿಷಯವನ್ನು ಇನ್ನೊಂದು ಬದಿಯಿಂದ ನೋಡಿದರು. ಸಂಸ್ಥೆಯ ಗುಣಮಟ್ಟ ಕುಸಿದಾಗ ಸದಸ್ಯನ ಮುಂದೆ ಎರಡು ದಾರಿಗಳಿರುತ್ತವೆ: ಬಿಟ್ಟು ಹೋಗುವುದು ಅಥವಾ ದನಿ ಎತ್ತುವುದು. ಸಂಸ್ಥೆಯ ಮೇಲಿನ ನಿಷ್ಠೆ ಈ ಎರಡರ ನಡುವಿನ ಆಯ್ಕೆಯನ್ನು ಪ್ರಭಾವಿಸುತ್ತದೆ. ಸ್ವಯಂಸೇವಾ ಸಂಸ್ಥೆಗಳಲ್ಲಿ ಬಿಟ್ಟು ಹೋಗುವುದು ಸಾಮಾನ್ಯವಾಗಿ ರಾಜೀನಾಮೆ ಪತ್ರದ ರೂಪದಲ್ಲಿ ನಡೆಯುವುದಿಲ್ಲ. ನೊಂದ ಸದಸ್ಯರು ಸಭೆಗೆ ಬರುವುದನ್ನು ನಿಲ್ಲಿಸುತ್ತಾರೆ, ಅಷ್ಟೆ. ಪದಾಧಿಕಾರಿಗಳು ಆ ಮೌನವನ್ನು ಸಮ್ಮತಿ ಎಂದು ಭಾವಿಸುವುದು ಈ ಕ್ಷೇತ್ರದಲ್ಲಿ ಪದೇಪದೇ ನಡೆಯುವ ತಪ್ಪು.

ಹಿನ್ನೆಲೆ

ಒಬ್ಬ ಸದಸ್ಯನಿಗೆ ಒಂದೇ ಮತ ಎಂಬ ತತ್ತ್ವವನ್ನು ಜನಪ್ರಿಯಗೊಳಿಸಿದ್ದು ಇಂಗ್ಲೆಂಡಿನ ರಾಕ್‌ಡೇಲ್ ಪಟ್ಟಣದಲ್ಲಿ 1844ರಲ್ಲಿ ಸ್ಥಾಪನೆಯಾದ ಗ್ರಾಹಕರ ಸಹಕಾರ ಸಂಘ. ಎಷ್ಟೇ ಷೇರು ಹೊಂದಿದ್ದರೂ ಮತ ಒಂದೇ ಎಂಬ ಅದರ ನಿಯಮವು ಇಂದಿಗೂ ಸಹಕಾರ ಕಾನೂನುಗಳ ತಿರುಳಾಗಿ ಉಳಿದಿದೆ. ಭಾರತದಲ್ಲಿ 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯ ನಂತರ, 1905ರಲ್ಲಿ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಆರಂಭವಾಯಿತು. ಭಾಷೆ ಮತ್ತು ಸಂಸ್ಕೃತಿಯ ಕ್ಷೇತ್ರದಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ (1890) ಮತ್ತು ಬೆಂಗಳೂರಿನ ಕನ್ನಡ ಸಾಹಿತ್ಯ ಪರಿಷತ್ತು (1915) ಸದಸ್ಯರ ಬಲದಿಂದ ಬೆಳೆದ ಹಳೆಯ ಸಂಸ್ಥೆಗಳು. ಪರಿಷತ್ತಿನ ರಾಜ್ಯಾಧ್ಯಕ್ಷರನ್ನೂ ಜಿಲ್ಲಾ ಘಟಕಗಳ ಅಧ್ಯಕ್ಷರನ್ನೂ ಸದಸ್ಯರು ಮತದಾನದ ಮೂಲಕ ಆರಿಸುತ್ತಾರೆ.

ಕರ್ನಾಟಕದಲ್ಲಿ ಸಾಮಾನ್ಯ ಸಂಘಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗುತ್ತವೆ. ಕನಿಷ್ಠ ಏಳು ಮಂದಿ ಸೇರಿ ಸಂಘವನ್ನು ನೋಂದಾಯಿಸಬಹುದು. ಪ್ರತಿ ವರ್ಷ ಮಹಾಸಭೆ ನಡೆಸುವುದು, ಆಡಳಿತ ಮಂಡಳಿಯ ಪಟ್ಟಿ ಹಾಗೂ ಪರಿಶೋಧಿತ ಲೆಕ್ಕಪತ್ರಗಳನ್ನು ನೋಂದಣಾಧಿಕಾರಿಗೆ ಸಲ್ಲಿಸುವುದು ಕಡ್ಡಾಯ. ಸಹಕಾರ ಸಂಘಗಳಿಗೆ 1959ರ ಕಾಯ್ದೆಯೂ ಸೌಹಾರ್ದ ಸಹಕಾರಿಗಳಿಗೆ 1997ರ ಕಾಯ್ದೆಯೂ ಅನ್ವಯಿಸುತ್ತವೆ. ಸಹಕಾರ ಸಂಘಗಳು ಸದಸ್ಯರಿಗೆ ಲಾಭಾಂಶ ಹಂಚಬಹುದಾದ್ದರಿಂದ ಅವು ಕಟ್ಟುನಿಟ್ಟಾದ ಅರ್ಥದಲ್ಲಿ ಲಾಭರಹಿತ ಸಂಸ್ಥೆಗಳಲ್ಲ; ನಾಯಕತ್ವದ ಪ್ರಶ್ನೆಗಳು ಮಾತ್ರ ಎರಡಕ್ಕೂ ಸಮಾನ. ನ್ಯಾಸಗಳಲ್ಲಿ, ಅಂದರೆ ಟ್ರಸ್ಟ್‌ಗಳಲ್ಲಿ, ಧರ್ಮದರ್ಶಿಗಳಿರುತ್ತಾರೆಯೇ ಹೊರತು ಮತ ಚಲಾಯಿಸುವ ಸದಸ್ಯರಿರುವುದಿಲ್ಲ. ಅವು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.

ಅಧಿಕಾರದ ಕೇಂದ್ರೀಕರಣ

ಜರ್ಮನಿಯಲ್ಲಿ ಹುಟ್ಟಿ ಇಟಲಿಯಲ್ಲಿ ನೆಲೆಸಿದ ಸಮಾಜಶಾಸ್ತ್ರಜ್ಞ ರಾಬರ್ಟ್ ಮಿಖೆಲ್ಸ್ 1911ರಲ್ಲಿ ರಾಜಕೀಯ ಪಕ್ಷಗಳನ್ನು ಕುರಿತ ತಮ್ಮ ಕೃತಿಯನ್ನು ಪ್ರಕಟಿಸಿದರು. ಪ್ರಜಾಪ್ರಭುತ್ವಕ್ಕಾಗಿಯೇ ಹೋರಾಡುತ್ತಿದ್ದ ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದಲ್ಲಿಯೇ ಅಧಿಕಾರವು ಕೆಲವು ಸ್ಥಿರ ನಾಯಕರ ಕೈಸೇರಿದ್ದನ್ನು ಅವರು ಗಮನಿಸಿದ್ದರು. ಸಂಘಟನೆ ಬೆಳೆದಂತೆಲ್ಲ ಅದನ್ನು ನಡೆಸಲು ವಿಶೇಷ ತಿಳಿವಳಿಕೆ ಬೇಕಾಗುತ್ತದೆ. ಆ ತಿಳಿವಳಿಕೆ ಪಡೆದವರು ಅನಿವಾರ್ಯರಾಗುತ್ತಾರೆ. ಅನಿವಾರ್ಯರಾದವರು ಸ್ಥಾನ ಬಿಡುವುದಿಲ್ಲ. ಇದನ್ನು ಅವರು ‘ಅಲ್ಪಜನಾಧಿಪತ್ಯದ ಉಕ್ಕಿನ ನಿಯಮ’ ಎಂದು ಕರೆದರು.

ಸಣ್ಣ ಸಂಘಗಳಲ್ಲಿ ಈ ನಿಯಮ ಕೆಲಸ ಮಾಡುವ ಬಗೆ ಬಹಳ ಸೌಮ್ಯವಾಗಿರುತ್ತದೆ. ಅಧಿಕಾರವನ್ನು ಯಾರೂ ಕಸಿದುಕೊಳ್ಳುವುದಿಲ್ಲ. ಕಾರ್ಯದರ್ಶಿಗೆ ನಡಾವಳಿ ಬರೆಯುವುದು ಚೆನ್ನಾಗಿ ಬರುತ್ತದೆ ಎಂದು ಅವರೇ ಬರೆಯುತ್ತಾರೆ. ಬ್ಯಾಂಕು ಅವರ ಮನೆಗೆ ಹತ್ತಿರವಿದೆ ಎಂದು ಪಾಸ್‌ಬುಕ್ ಅವರಲ್ಲೇ ಇರುತ್ತದೆ. ಸಭಾಂಗಣದ ಮಾಲೀಕರು, ಮುದ್ರಣಾಲಯದವರು, ಇಲಾಖೆಯ ಅಧಿಕಾರಿಗಳು ಎಲ್ಲರಿಗೂ ಅವರೇ ಪರಿಚಿತರು. ಮೂರನೆಯ ವರ್ಷದ ಹೊತ್ತಿಗೆ ಬೇರೆ ಯಾರಿಗೂ ಸಂಘವನ್ನು ನಡೆಸುವುದು ಹೇಗೆಂದು ಗೊತ್ತಿರುವುದಿಲ್ಲ, ಮತ್ತು ಕಾರ್ಯದರ್ಶಿಗೆ ‘ಎಲ್ಲವನ್ನೂ ನಾನೊಬ್ಬನೇ ಮಾಡಬೇಕು’ ಎಂಬ ಬೇಸರ ಹುಟ್ಟಿರುತ್ತದೆ. ಇಬ್ಬರ ದೂರೂ ನಿಜವೇ. ಪ್ರಾಮಾಣಿಕರೂ ಶ್ರಮಜೀವಿಗಳೂ ಆದ ಕಾರ್ಯಕರ್ತರಿರುವ ಸಂಘಗಳೇ ಈ ಸ್ಥಿತಿಗೆ ಬೇಗ ತಲುಪುತ್ತವೆ ಎಂಬುದು ಇದರ ವೈಚಿತ್ರ್ಯ.

ಪದಾಧಿಕಾರಿಗಳೇ ಇಲ್ಲದಿದ್ದರೆ ಈ ತೊಂದರೆ ಇರುವುದಿಲ್ಲ ಎಂಬ ನಂಬಿಕೆ 1960ರ ದಶಕದ ಕೊನೆಯಲ್ಲಿ ಅಮೆರಿಕದ ಮಹಿಳಾ ವಿಮೋಚನಾ ಗುಂಪುಗಳಲ್ಲಿ ಪ್ರಚಲಿತವಾಗಿತ್ತು. ಆ ಚಳವಳಿಯವರೇ ಆದ ಜೋ ಫ್ರೀಮನ್ 1970ರ ದಶಕದ ಆರಂಭದಲ್ಲಿ ಬರೆದ ಪ್ರಬಂಧವೊಂದರಲ್ಲಿ ಈ ನಂಬಿಕೆಯನ್ನು ತಳ್ಳಿಹಾಕಿದರು. ರಚನೆಯೇ ಇಲ್ಲದ ಗುಂಪು ಎಂಬುದು ಇರಲಾರದು; ಬರೆದಿಟ್ಟ ನಿಯಮಗಳಿಲ್ಲದಿದ್ದರೆ ಗೆಳೆಯರ ಒಳಬಳಗವೇ ಆಳುತ್ತದೆ, ಮತ್ತು ಯಾರೂ ಆರಿಸದ ಆ ಬಳಗವನ್ನು ಕೆಳಗಿಳಿಸುವ ಉಪಾಯವೂ ಇರುವುದಿಲ್ಲ ಎಂದು ಅವರು ತೋರಿಸಿದರು. ಕೆಲಸವನ್ನು ನಿರ್ದಿಷ್ಟ ವ್ಯಕ್ತಿಗಳಿಗೆ ಬಹಿರಂಗವಾಗಿ ಒಪ್ಪಿಸುವುದು, ಅವರು ಗುಂಪಿಗೆ ಉತ್ತರದಾಯಿಗಳಾಗಿರುವುದು, ಹೊಣೆಗಳನ್ನು ಪಾಳಿಯಂತೆ ಬದಲಿಸುವುದು, ಮಾಹಿತಿಯನ್ನು ಎಲ್ಲರಿಗೂ ತಲುಪಿಸುವುದು ಅವರ ಮುಖ್ಯ ಸಲಹೆಗಳು.

ಮಿಖೆಲ್ಸ್‌ರ ನಿಯಮಕ್ಕೆ ಅಪವಾದವಾಗಿ ಹೆಚ್ಚು ಉಲ್ಲೇಖಗೊಳ್ಳುವುದು ಉತ್ತರ ಅಮೆರಿಕದ ಮುದ್ರಣ ಅಕ್ಷರಜೋಡಕರ ಕಾರ್ಮಿಕ ಸಂಘ. ಸೇಮರ್ ಮಾರ್ಟಿನ್ ಲಿಪ್ಸೆಟ್, ಮಾರ್ಟಿನ್ ಟ್ರೋ ಮತ್ತು ಜೇಮ್ಸ್ ಕೋಲ್ಮನ್ 1956ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ಸಂಘದೊಳಗೇ ಎರಡು ಪಕ್ಷಗಳಿದ್ದು, ಚುನಾವಣೆಯಲ್ಲಿ ಅಧಿಕಾರ ಒಂದರಿಂದ ಇನ್ನೊಂದಕ್ಕೆ ನಿಜವಾಗಿಯೂ ಬದಲಾಗುತ್ತಿತ್ತು. ಕೆಲಸದ ಹೊತ್ತಿನ ಹೊರಗೆ ಸದಸ್ಯರು ಕ್ಲಬ್ಬುಗಳಲ್ಲಿ, ಆಟದ ತಂಡಗಳಲ್ಲಿ ಬೆರೆಯುತ್ತಿದ್ದರು. ನಾಯಕರಲ್ಲದವರೂ ಪರಸ್ಪರ ಪರಿಚಿತರಾಗಿದ್ದರು. ಸೋತ ನಾಯಕ ಮತ್ತೆ ಅಕ್ಷರ ಜೋಡಿಸುವ ಕೆಲಸಕ್ಕೆ ಮರಳಿದರೂ ಅವನ ಬಾಳು ಹೆಚ್ಚೇನೂ ಬದಲಾಗುತ್ತಿರಲಿಲ್ಲ. ವಿರೋಧಪಕ್ಷವನ್ನು ದ್ರೋಹವೆಂದು ಭಾವಿಸದ ವಾತಾವರಣಕ್ಕೆ ಇವೇ ಆಧಾರವಾಗಿದ್ದವು.

ಮೈರಾಡಾ ಅನುಭವ

ಈ ವಿಷಯದಲ್ಲಿ ಕರ್ನಾಟಕದಿಂದ ಹೊರಟು ದೇಶವ್ಯಾಪಿ ಪರಿಣಾಮ ಬೀರಿದ ಉದಾಹರಣೆ ಮೈರಾಡಾ ಸಂಸ್ಥೆಯದು. ಟಿಬೆಟನ್ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಆರಂಭವಾದ ಈ ಸ್ವಯಂಸೇವಾ ಸಂಸ್ಥೆ ಮುಂದೆ ಗ್ರಾಮೀಣ ಬಡವರ ನಡುವೆ ಕೆಲಸ ಕೈಗೊಂಡಿತು. ಸಾಲ ವಿತರಣೆಗಾಗಿ ಅದು ಕಟ್ಟಿಸಿದ್ದ ದೊಡ್ಡ ಸಹಕಾರ ಸಂಘಗಳು 1984-85ರ ಹೊತ್ತಿಗೆ ಒಡೆಯತೊಡಗಿದವು. ನಾಯಕರ ಮೇಲಿನ ಅಪನಂಬಿಕೆ ಮತ್ತು ಆಡಳಿತದ ದೋಷ ಇದಕ್ಕೆ ಕಾರಣವಾಗಿದ್ದವು. ಸದಸ್ಯರು ಅಲ್ಲಲ್ಲಿ ಸಣ್ಣ ಗುಂಪುಗಳಾಗಿ ಸೇರುತ್ತಿದ್ದರು. ಪಡೆದ ಸಾಲವನ್ನು ಮೈರಾಡಾಕ್ಕೆ ಮರುಪಾವತಿಸಲು ಸಿದ್ಧ, ಆದರೆ ಒಬ್ಬನ ಹಿಡಿತದಲ್ಲಿರುವ ಸಹಕಾರ ಸಂಘಕ್ಕೆ ಕಟ್ಟುವುದಿಲ್ಲ ಎಂಬುದು ಅವರ ನಿಲುವಾಗಿತ್ತು. ಹಾಗಾದರೆ ನೀವು ಈಗ ಕುಳಿತಿರುವ ಈ ಗುಂಪಿಗೇ ಏಕೆ ಕಟ್ಟಬಾರದು ಎಂದು ಸಂಸ್ಥೆಯ ಸಿಬ್ಬಂದಿ ಸೂಚಿಸಿದರು. ಹೀಗೆ ರೂಪುಗೊಂಡ ಗುಂಪುಗಳನ್ನು ಮೊದಲು ಸಾಲ ನಿರ್ವಹಣಾ ಗುಂಪುಗಳೆಂದು ಕರೆಯಲಾಯಿತು. ಸ್ವಸಹಾಯ ಗುಂಪು ಎಂಬ ಹೆಸರು ಆಮೇಲಿನದು.

ಯಾರ ಜೊತೆ ಕೂರಬೇಕು ಎಂಬುದನ್ನು ಆ ಸದಸ್ಯರು ತಾವೇ ತೀರ್ಮಾನಿಸಿದ್ದರು ಎಂಬುದು ಇಲ್ಲಿ ಮುಖ್ಯ. ಗುಂಪನ್ನು ಯಾವ ಅಧಿಕಾರಿಯೂ ಪಟ್ಟಿ ಮಾಡಿ ರಚಿಸಿರಲಿಲ್ಲ. ಸದಸ್ಯರ ನಡುವೆ ಮೊದಲೇ ಇದ್ದ ನಂಟು ಮತ್ತು ನಂಬಿಕೆಯೇ ಗುಂಪಿನ ಬಂಡವಾಳವೆಂದು ಮೈರಾಡಾ ಪರಿಗಣಿಸಿತು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ ಹತ್ತು ಲಕ್ಷ ರೂಪಾಯಿಗಳ ಅನುದಾನ ನೀಡಿತು. 1992ರಲ್ಲಿ ಅದು ಐದುನೂರು ಗುಂಪುಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ಆರಂಭಿಸಿತು. ನೋಂದಣಿಯಾಗದ ಗುಂಪಿಗೆ, ಆಸ್ತಿಯ ಅಡಮಾನವಿಲ್ಲದೆ, ಗುಂಪಿನ ನಡಾವಳಿ ಮತ್ತು ಲೆಕ್ಕ ಪುಸ್ತಕಗಳನ್ನು ನೋಡಿ ಬ್ಯಾಂಕು ಸಾಲ ಕೊಡುವ ಪದ್ಧತಿ ಅಲ್ಲಿಂದ ಬೆಳೆಯಿತು. ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಜಾರಿಗೆ ಬಂದಿತು.

ಸ್ವಸಹಾಯ ಗುಂಪುಗಳ ಕಾರ್ಯವಿಧಾನ ಮೇಲೆ ವಿವರಿಸಿದ ಕೇಂದ್ರೀಕರಣಕ್ಕೆ ಹಲವು ಬಗೆಯಲ್ಲಿ ತಡೆಯೊಡ್ಡುತ್ತದೆ. ಸದಸ್ಯರ ಸಂಖ್ಯೆ ಹತ್ತರಿಂದ ಇಪ್ಪತ್ತು ಇರುವುದರಿಂದ ಯಾರು ಬಂದಿಲ್ಲ ಎಂಬುದು ತಟ್ಟನೆ ತಿಳಿಯುತ್ತದೆ. ಉಳಿತಾಯದ ಹಣವನ್ನು ಎಲ್ಲರೆದುರು ಎಣಿಸಲಾಗುತ್ತದೆ. ಯಾರಿಗೆ, ಯಾವ ಕಾರಣಕ್ಕೆ, ಎಷ್ಟು ಸಾಲ ಎಂಬುದನ್ನು ಅರ್ಜಿದಾರರ ಸಮ್ಮುಖದಲ್ಲೇ ಚರ್ಚಿಸಲಾಗುತ್ತದೆ. ಅನೇಕ ಗುಂಪುಗಳಲ್ಲಿ ಅಧ್ಯಕ್ಷೆ ಎಂಬ ಪದವಿಗೆ ಬದಲಾಗಿ ಪ್ರತಿನಿಧಿಗಳು ಇರುತ್ತಾರೆ, ಆ ಹೊಣೆಯನ್ನು ಸರದಿಯ ಮೇಲೆ ವಹಿಸಿಕೊಳ್ಳುತ್ತಾರೆ. ನಿಯಮಿತ ಸಭೆ, ನಿಯಮಿತ ಉಳಿತಾಯ, ಆಂತರಿಕ ಸಾಲ, ಸಕಾಲಿಕ ಮರುಪಾವತಿ, ಸರಿಯಾದ ಪುಸ್ತಕ ನಿರ್ವಹಣೆ ಎಂಬ ಐದು ಅಂಶಗಳನ್ನು ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದಲ್ಲಿ ‘ಪಂಚಸೂತ್ರ’ ಎಂದು ಕರೆಯಲಾಗುತ್ತದೆ. ಇವುಗಳಲ್ಲಿ ದುರ್ಬಲ ಕೊಂಡಿ ಕೊನೆಯದು. ಗುಂಪಿನಲ್ಲಿ ಓದುಬರಹ ಬಲ್ಲವರು ಒಬ್ಬರೇ ಇದ್ದರೆ ಪುಸ್ತಕ ಅವರ ಕೈಯಲ್ಲೇ ಉಳಿಯುತ್ತದೆ, ಹಾಗೂ ಬಿಟ್ಟುಬಂದ ಸಹಕಾರ ಸಂಘದ ಕಥೆ ಚಿಕ್ಕ ಪ್ರಮಾಣದಲ್ಲಿ ಮರುಕಳಿಸುವ ಸಾಧ್ಯತೆ ಹುಟ್ಟುತ್ತದೆ. ಇದನ್ನು ತಡೆಯಲು ಲೆಕ್ಕವನ್ನು ಪ್ರತಿ ಸಭೆಯಲ್ಲೂ ಗಟ್ಟಿಯಾಗಿ ಓದಿ ಹೇಳುವುದು, ಪ್ರತಿ ಸದಸ್ಯೆಗೂ ಪ್ರತ್ಯೇಕ ಪಾಸ್‌ಬುಕ್ ಕೊಡುವುದು ರೂಢಿಯಲ್ಲಿದೆ.

ಗುಂಪಿನ ಗಾತ್ರ ಮತ್ತು ಕೆಲಸದ ಹಂಚಿಕೆ

ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಹಗ್ಗ ಎಳೆಯುವ ಪ್ರಯೋಗಗಳ ಫಲಿತಾಂಶವನ್ನು 1913ರಲ್ಲಿ ಪ್ರಕಟಿಸಿದರು. ಎಂಟು ಮಂದಿ ಒಟ್ಟಾಗಿ ಎಳೆದಾಗ ಪ್ರತಿಯೊಬ್ಬರೂ ಹಾಕಿದ ಬಲ, ಒಬ್ಬೊಬ್ಬರಾಗಿ ಎಳೆದಾಗಿನ ಬಲದ ಸುಮಾರು ಅರ್ಧದಷ್ಟಕ್ಕೆ ಇಳಿದಿತ್ತು. ಹೊಂದಾಣಿಕೆಯ ಕೊರತೆ ಇದಕ್ಕೆ ಒಂದು ಕಾರಣ; ನನ್ನ ಪಾಲು ಯಾರಿಗೂ ಕಾಣುವುದಿಲ್ಲ ಎಂಬ ಭಾವನೆ ಇನ್ನೊಂದು. ಬಿಬ್ ಲಾಟನೆ ಮತ್ತು ಸಂಗಡಿಗರು 1979ರಲ್ಲಿ ಚಪ್ಪಾಳೆ ತಟ್ಟುವ ಮತ್ತು ಕೂಗುವ ಪ್ರಯೋಗಗಳಲ್ಲಿಯೂ ಇದನ್ನೇ ಕಂಡರು. ಪ್ರತಿಯೊಬ್ಬರ ಪಾಲನ್ನು ಪ್ರತ್ಯೇಕವಾಗಿ ಗುರುತಿಸಲಾಗುತ್ತದೆ ಎಂದು ತಿಳಿದಾಗ ಈ ಸಡಿಲಿಕೆ ಬಹುಮಟ್ಟಿಗೆ ಇಲ್ಲವಾಗುತ್ತದೆಂದು ಮುಂದಿನ ಪ್ರಯೋಗಗಳು ತೋರಿಸಿದವು.

ಸಂಘಗಳ ನಿತ್ಯ ವ್ಯವಹಾರಕ್ಕೆ ಇದರ ಅನ್ವಯ ನೇರವಾಗಿದೆ. ‘ರಾಜ್ಯೋತ್ಸವದ ಕೆಲಸಕ್ಕೆ ಎಲ್ಲರೂ ಕೈಜೋಡಿಸಬೇಕು’ ಎಂಬ ಕರೆಯಿಂದ ಯಾರ ಹೆಗಲಿಗೂ ಭಾರ ಬೀಳುವುದಿಲ್ಲ. ಊಟದ ವ್ಯವಸ್ಥೆ ಇಂಥವರದು, ಅವರಿಗೆ ಇಷ್ಟು ಹಣ, ಈ ದಿನಾಂಕದೊಳಗೆ ಅಡುಗೆಯವರನ್ನು ಗೊತ್ತುಪಡಿಸಬೇಕು, ಈ ಮೊತ್ತದವರೆಗೆ ಯಾರನ್ನೂ ಕೇಳಬೇಕಿಲ್ಲ ಎಂದು ಹೇಳಿದಾಗ ಮಾತ್ರ ಹೊಣೆ ಒಬ್ಬರದಾಗುತ್ತದೆ. ಇದರಲ್ಲಿ ಕೊನೆಯ ಅಂಶವನ್ನು ಪದಾಧಿಕಾರಿಗಳು ಹೆಚ್ಚಾಗಿ ಮರೆಯುತ್ತಾರೆ. ಕೆಲಸವನ್ನು ವಹಿಸಿ ತೀರ್ಮಾನವನ್ನು ತಮ್ಮಲ್ಲೇ ಉಳಿಸಿಕೊಂಡರೆ ಅದು ಹಂಚಿಕೆಯಲ್ಲ. ಒಂದೆರಡು ಸಲ ಬಾಳೆಎಲೆಯ ಲೆಕ್ಕಕ್ಕೂ ಅಧ್ಯಕ್ಷರ ಅನುಮತಿಗಾಗಿ ಕಾದ ಕಾರ್ಯಕರ್ತ ಮೂರನೆಯ ಸಲ ಮುಂದೆ ಬರುವುದಿಲ್ಲ. ಹೊಸ ಸದಸ್ಯರಿಗೆ ಮೊದಲ ತಿಂಗಳುಗಳಲ್ಲೇ ಸಣ್ಣದಾದರೂ ಪೂರ್ಣವಾದ ಒಂದು ಕೆಲಸವನ್ನು ಒಪ್ಪಿಸುವುದು ಅವರನ್ನು ಉಳಿಸಿಕೊಳ್ಳುವ ಪರಿಣಾಮಕಾರಿ ಕ್ರಮಗಳಲ್ಲೊಂದು.

ತಂಡಗಳ ಬೆಳವಣಿಗೆಯನ್ನು ಕುರಿತು ತರಬೇತಿ ಶಿಬಿರಗಳಲ್ಲಿ ಬಹಳವಾಗಿ ಬಳಕೆಯಾಗುವ ಮಾದರಿ ಬ್ರೂಸ್ ಟಕ್‌ಮನ್‌ರದು (1965). ಗುಂಪು ಕೂಡುವುದು, ಜಗಳವಾಡುವುದು, ಕಟ್ಟಳೆಗಳಿಗೆ ಒಗ್ಗುವುದು, ಕೆಲಸ ಸಾಧಿಸುವುದು ಎಂಬ ನಾಲ್ಕು ಹಂತಗಳನ್ನು ಅದು ಗುರುತಿಸುತ್ತದೆ. 1977ರಲ್ಲಿ ಚದುರುವುದು ಎಂಬ ಐದನೆಯ ಹಂತವನ್ನು ಸೇರಿಸಲಾಯಿತು. ಟಕ್‌ಮನ್ ಆಧರಿಸಿದ್ದು ಬಹುಪಾಲು ಮಾನಸಿಕ ಚಿಕಿತ್ಸಾ ಗುಂಪುಗಳು ಮತ್ತು ತರಬೇತಿ ಗುಂಪುಗಳನ್ನು ಕುರಿತು ಅದುವರೆಗೆ ಪ್ರಕಟವಾಗಿದ್ದ ಲೇಖನಗಳನ್ನು. ವರ್ಷವರ್ಷವೂ ಪದಾಧಿಕಾರಿಗಳು ಬದಲಾಗುವ ಸಂಘಕ್ಕೆ ಈ ಹಂತಗಳು ಅದೇ ಕ್ರಮದಲ್ಲಿ ಅನ್ವಯಿಸಬೇಕೆಂದೇನಿಲ್ಲ.

ಸಭೆಯ ನಿರ್ವಹಣೆ

ಸಂಘದ ನಾಯಕತ್ವ ಬಹುಪಾಲು ಸಭೆಯಲ್ಲೇ ಕಾಣಿಸಿಕೊಳ್ಳುತ್ತದೆ. ಅಮೆರಿಕದ ಸೇನಾ ಎಂಜಿನಿಯರ್ ಹೆನ್ರಿ ಮಾರ್ಟಿನ್ ರಾಬರ್ಟ್ ಅವರಿಗೆ 1863ರಲ್ಲಿ ನ್ಯೂ ಬೆಡ್‌ಫರ್ಡ್ ಪಟ್ಟಣದ ಚರ್ಚೊಂದರ ಸಭೆಯ ಅಧ್ಯಕ್ಷತೆ ವಹಿಸಬೇಕಾಗಿ ಬಂತು. ಸಭೆ ಗದ್ದಲದಲ್ಲಿ ಮುಗಿಯಿತು. ಆ ಮುಜುಗರದಿಂದ ಸಭಾವಿಧಿಗಳ ಅಧ್ಯಯನಕ್ಕೆ ತೊಡಗಿದ ಅವರು 1876ರಲ್ಲಿ ಪ್ರಕಟಿಸಿದ ನಿಯಮಾವಳಿಯು ಇಂದಿಗೂ ಪರಿಷ್ಕೃತ ರೂಪಗಳಲ್ಲಿ ಬಳಕೆಯಲ್ಲಿದೆ. ಒಂದು ಸಲಕ್ಕೆ ಒಂದೇ ವಿಷಯ, ಸೂಚಕರು ಮತ್ತು ಅನುಮೋದಕರಿಲ್ಲದೆ ಚರ್ಚೆಯಿಲ್ಲ, ಬಹುಮತದ ತೀರ್ಮಾನಕ್ಕೆ ಮನ್ನಣೆ, ಅಲ್ಪಮತಕ್ಕೆ ಮಾತಿನ ಹಕ್ಕು ಎಂಬವು ಇಂಥ ವಿಧಿಗಳ ಸಾರ. ಕನ್ನಡ ಸಂಘಗಳ ಸಭೆಗಳಲ್ಲಿ ಕೇಳಿಬರುವ ಠರಾವು, ಗಣಪೂರ್ತಿ, ಹಿಂದಿನ ಸಭೆಯ ನಡಾವಳಿಯ ದೃಢೀಕರಣ ಮೊದಲಾದವು ಇದೇ ಬಗೆಯ ಸಭಾ ಸಂಪ್ರದಾಯಕ್ಕೆ ಸೇರಿದವು.

ಈ ವಿಧಿಗಳನ್ನು ಬರಿಯ ಔಪಚಾರಿಕತೆ ಎಂದು ಕಾಣುವವರಿದ್ದಾರೆ. ವಾಸ್ತವದಲ್ಲಿ ಅವು ಮೆಲುದನಿಯವರ ರಕ್ಷಣೆಗೆ ಇರುವಂಥವು. ಕಾರ್ಯಸೂಚಿ ಮೊದಲೇ ಕೈಸೇರಿದರೆ ಮಾತ್ರ ಸಿದ್ಧರಾಗಿ ಬರಲು ಸಾಧ್ಯ. ‘ಇತರ ವಿಷಯಗಳು’ ಎಂಬ ಕೊನೆಯ ಅಂಶದಡಿ, ಅರ್ಧ ಜನ ಊಟಕ್ಕೆ ಎದ್ದ ಮೇಲೆ, ಮುಖ್ಯ ತೀರ್ಮಾನಗಳನ್ನು ಅಂಗೀಕರಿಸುವ ಪದ್ಧತಿ ಕಾನೂನಿನ ಅಕ್ಷರವನ್ನು ಮೀರದಿದ್ದರೂ ಸದಸ್ಯರ ವಿಶ್ವಾಸವನ್ನು ಕಳೆಯುತ್ತದೆ. ನಡಾವಳಿಯಲ್ಲಿ ತೀರ್ಮಾನದ ಜೊತೆಗೆ ಅದನ್ನು ಯಾರು, ಯಾವಾಗ ಕಾರ್ಯಗತಗೊಳಿಸಬೇಕೆಂದು ಬರೆಯುವುದು, ಮುಂದಿನ ಸಭೆಯನ್ನು ಆ ಸಾಲುಗಳಿಂದಲೇ ಆರಂಭಿಸುವುದು ಸರಳ ಕ್ರಮ. ಇದನ್ನು ಪಾಲಿಸುವ ಸಂಘಗಳಲ್ಲಿ ಒಂದೇ ವಿಷಯ ಸಭೆಯಿಂದ ಸಭೆಗೆ ಉರುಳುವುದು ಕಡಿಮೆಯಾಗುತ್ತದೆ.

ಕರ್ಟ್ ಲೆವಿನ್, ರೊನಾಲ್ಡ್ ಲಿಪ್ಪಿಟ್ ಮತ್ತು ರಾಲ್ಫ್ ವೈಟ್ 1939ರಲ್ಲಿ ವರದಿ ಮಾಡಿದ ಪ್ರಯೋಗವು ಅಧ್ಯಕ್ಷತೆಯ ಶೈಲಿಯನ್ನು ಕುರಿತದ್ದು. ಅಮೆರಿಕದ ಅಯೋವಾದಲ್ಲಿ ಹತ್ತು ವರ್ಷದ ಆಸುಪಾಸಿನ ಹುಡುಗರ ಹವ್ಯಾಸ ಕ್ಲಬ್ಬುಗಳನ್ನು ಕಟ್ಟಿ, ಕೆಲವಕ್ಕೆ ಅಪ್ಪಣೆ ಕೊಡುವ, ಕೆಲವಕ್ಕೆ ಚರ್ಚಿಸಿ ತೀರ್ಮಾನಿಸುವ, ಕೆಲವಕ್ಕೆ ಕೈಕಟ್ಟಿ ಕೂರುವ ನಾಯಕರನ್ನು ಒದಗಿಸಲಾಯಿತು. ಅಪ್ಪಣೆಯ ಗುಂಪುಗಳು ನಾಯಕನ ಕಣ್ಣೆದುರು ಸಾಕಷ್ಟು ಕೆಲಸ ಮಾಡಿದವು. ಆತ ಕೋಣೆಯಿಂದ ಹೊರಗೆ ಹೋದೊಡನೆ ಕೆಲಸ ಕುಸಿಯಿತು. ಚರ್ಚೆಯ ಗುಂಪುಗಳು ನಾಯಕನಿಲ್ಲದಾಗಲೂ ಕೆಲಸ ಮುಂದುವರಿಸಿದವು. ಕೈಕಟ್ಟಿ ಕೂತವನ ಗುಂಪಿನ ಸಾಧನೆ ಕಳಪೆಯಾಗಿತ್ತು. ಇದು ಮಕ್ಕಳನ್ನು ಕುರಿತ ಸಣ್ಣ ಪ್ರಯೋಗವಾದರೂ, ನಾಯಕ ಕೋಣೆಯಲ್ಲಿಲ್ಲದಾಗ ಏನಾಗುತ್ತದೆ ಎಂಬ ಅಳತೆಗೋಲು ಸ್ವಯಂಸೇವಾ ಸಂಸ್ಥೆಗಳಿಗೆ ಚೆನ್ನಾಗಿ ಹೊಂದುತ್ತದೆ.

ಚುನಾಯಿತ ಮಂಡಳಿ ಮತ್ತು ವೇತನದ ಸಿಬ್ಬಂದಿ

ಸಂಘ ಬೆಳೆದು ಸಂಬಳದ ನೌಕರರನ್ನು ನೇಮಿಸಿಕೊಂಡಾಗ ಹೊಸ ಬಿಕ್ಕಟ್ಟು ಹುಟ್ಟುತ್ತದೆ. ಚುನಾಯಿತರು ದಿನನಿತ್ಯದ ಕೆಲಸದಲ್ಲಿ ಕೈಹಾಕಿದರೆ ನೌಕರರು ನಿಷ್ಕ್ರಿಯರಾಗುತ್ತಾರೆ. ಎಲ್ಲವನ್ನೂ ನೌಕರರಿಗೆ ಬಿಟ್ಟರೆ ಸಂಘ ಸದಸ್ಯರ ಕೈತಪ್ಪುತ್ತದೆ. ಗುಜರಾತಿನ ಖೇಡಾ ಜಿಲ್ಲಾ ಹಾಲು ಉತ್ಪಾದಕರ ಒಕ್ಕೂಟದ (1946) ಇತಿಹಾಸ ಈ ವಿಷಯದಲ್ಲಿ ಮಾರ್ಗದರ್ಶಕವೆಂದು ಪರಿಗಣಿತವಾಗಿದೆ. ರೈತರ ವಿಶ್ವಾಸ ಗಳಿಸಿದ್ದ ಅಧ್ಯಕ್ಷ ತ್ರಿಭುವನದಾಸ್ ಪಟೇಲರು ಹಳ್ಳಿಗಳ ಸಂಘಟನೆ ಮತ್ತು ರಾಜಕೀಯ ಒತ್ತಡಗಳನ್ನು ನೋಡಿಕೊಂಡರೆ, ವ್ಯವಸ್ಥಾಪಕ ವರ್ಗೀಸ್ ಕುರಿಯನ್ ಡೇರಿಯ ತಂತ್ರಜ್ಞಾನ ಮತ್ತು ಮಾರಾಟವನ್ನು ನಿರ್ವಹಿಸಿದರು. ಒಬ್ಬರ ಕ್ಷೇತ್ರವನ್ನು ಇನ್ನೊಬ್ಬರು ಅತಿಕ್ರಮಿಸದ ಈ ಏರ್ಪಾಡು ಎರಡು ದಶಕಗಳಿಗೂ ಹೆಚ್ಚು ಕಾಲ ಉಳಿಯಿತು. ಅದೇ ಮಾದರಿಯ ಮೂರು ಹಂತಗಳ ರಚನೆಯನ್ನು, ಅಂದರೆ ಗ್ರಾಮ ಸಂಘ, ಜಿಲ್ಲಾ ಒಕ್ಕೂಟ ಮತ್ತು ರಾಜ್ಯ ಮಹಾಮಂಡಳವನ್ನು, ಕರ್ನಾಟಕ ಹಾಲು ಮಹಾಮಂಡಳವೂ ಅನುಸರಿಸುತ್ತದೆ.

ನಾಯಕತ್ವದ ವರ್ಗಾವಣೆ

ಅಮೆರಿಕದ ದೂರವಾಣಿ ಸಂಸ್ಥೆಯೊಂದರಲ್ಲಿ ದುಡಿದು ನಿವೃತ್ತರಾಗಿದ್ದ ರಾಬರ್ಟ್ ಗ್ರೀನ್‌ಲೀಫ್ 1970ರಲ್ಲಿ ಸೇವಕ ನಾಯಕತ್ವ ಎಂಬ ಕಲ್ಪನೆಯನ್ನು ಮಂಡಿಸಿದರು. ಹರ್ಮನ್ ಹೆಸ್ಸೆಯ ಕಾದಂಬರಿಯೊಂದರಲ್ಲಿ ಯಾತ್ರಿಕರ ಸೇವೆ ಮಾಡುತ್ತಿದ್ದ ಲಿಯೋ ಎಂಬಾತ ಕಾಣೆಯಾದೊಡನೆ ತಂಡವೇ ಚದುರಿಹೋಗುವ ಪ್ರಸಂಗ ಅವರಿಗೆ ಪ್ರೇರಣೆಯಾಗಿತ್ತು. ಈ ಕಲ್ಪನೆ ಸ್ವಯಂಸೇವಾ ವಲಯದಲ್ಲಿ ಅಪಾರ ಜನಪ್ರಿಯತೆ ಪಡೆದಿದೆ. ಆದರೆ ಅದೇ ಪ್ರಸಂಗವನ್ನು ಬೇರೆ ರೀತಿಯಲ್ಲೂ ಓದಬಹುದು: ಒಬ್ಬ ಸೇವಕ ಹೋದೊಡನೆ ಚದುರುವ ತಂಡ, ಆ ಸೇವಕ ಎಷ್ಟೇ ವಿನಯಶಾಲಿಯಾಗಿದ್ದರೂ, ಗಟ್ಟಿಯಾಗಿ ಕಟ್ಟಿದ ತಂಡವಲ್ಲ.

ಸ್ಥಾಪಕರು ಸಂಸ್ಥೆಯನ್ನು ತಮ್ಮ ವ್ಯಕ್ತಿತ್ವದ ವಿಸ್ತರಣೆಯೆಂದು ಭಾವಿಸಿ, ಬೆಳೆದ ಸಂಸ್ಥೆಯ ಅಗತ್ಯಗಳಿಗೆ ದಾರಿ ಬಿಡದಿರುವ ಸ್ಥಿತಿಯನ್ನು ಆಡಳಿತಶಾಸ್ತ್ರದಲ್ಲಿ ಸ್ಥಾಪಕರ ವ್ಯಾಧಿ ಎಂದು ಗುರುತಿಸಲಾಗಿದೆ. ಸುದೀರ್ಘ ನಾಯಕತ್ವದ ಕೊನೆ ದೊಡ್ಡ ಸಾಧಕರಿಗೂ ಸುಲಭವಾಗಿರುವುದಿಲ್ಲ. ಗುಜರಾತ್ ಸಹಕಾರಿ ಹಾಲು ಮಾರಾಟ ಮಹಾಮಂಡಳದ ಅಧ್ಯಕ್ಷರಾಗಿ 1973ರಿಂದ ಮುಂದುವರಿದಿದ್ದ ಕುರಿಯನ್, ಸದಸ್ಯ ಒಕ್ಕೂಟಗಳ ಬೆಂಬಲ ಕುಗ್ಗಿದಾಗ 2006ರಲ್ಲಿ ರಾಜೀನಾಮೆ ನೀಡಿದರು.

ಅವಧಿ ಮಿತಿ ಇದಕ್ಕೆ ಸಾಮಾನ್ಯವಾಗಿ ಸೂಚಿಸುವ ಪರಿಹಾರ. ಸತತ ಎರಡು ಅವಧಿಗಿಂತ ಹೆಚ್ಚು ಒಂದೇ ಹುದ್ದೆಯಲ್ಲಿ ಇರಬಾರದೆಂದು ಅನೇಕ ಸಂಘಗಳು ಉಪವಿಧಿಗಳಲ್ಲಿ ಬರೆದುಕೊಂಡಿವೆ. ಅವಧಿ ಮಿತಿಯೊಂದರಿಂದಲೇ ಫಲ ಸಿಗದು. ಅಧ್ಯಕ್ಷರು ಗೌರವಾಧ್ಯಕ್ಷರಾಗಿ, ಕಾರ್ಯದರ್ಶಿ ಅಧ್ಯಕ್ಷರಾಗಿ, ಎರಡು ವರ್ಷದ ಮೇಲೆ ಮತ್ತೆ ಅದಲುಬದಲಾಗುವ ಚಕ್ರಕ್ಕೆ ನಿಯಮದ ಅಡ್ಡಿ ಇರುವುದಿಲ್ಲ. ಮಂಡಳಿಯ ಮೂರನೆಯ ಒಂದು ಭಾಗ ಮಾತ್ರ ಪ್ರತಿ ವರ್ಷ ನಿವೃತ್ತವಾಗುವ ಏರ್ಪಾಡು, ಸಹಕಾರ್ಯದರ್ಶಿಗೆ ವರ್ಷವಿಡೀ ಕಾರ್ಯದರ್ಶಿಯ ಜೊತೆ ಕೆಲಸ ಕಲಿಸುವ ಪದ್ಧತಿ, ಬ್ಯಾಂಕ್ ಖಾತೆ, ದಾಖಲೆಗಳು, ಗುಪ್ತಪದಗಳು ಹಾಗೂ ಬೀರುವಿನ ಕೀಲಿಗಳನ್ನು ಪಟ್ಟಿ ಮಾಡಿ ಸಹಿಯೊಂದಿಗೆ ಹಸ್ತಾಂತರಿಸುವ ರೂಢಿ ಇವು ಪೂರಕ ಕ್ರಮಗಳು. ಹೊರನಾಡಿನ ಕನ್ನಡ ಸಂಘಗಳಲ್ಲಿ, ಉದ್ಯೋಗ ನಿಮಿತ್ತ ಸದಸ್ಯರು ಊರು ಬದಲಿಸುತ್ತಲೇ ಇರುವುದರಿಂದ, ಇಂಥ ಹಸ್ತಾಂತರಕ್ಕೆ ವಿಶೇಷ ಮಹತ್ತ್ವವಿದೆ.

ಭಿನ್ನಾಭಿಪ್ರಾಯ ಮತ್ತು ಕಾನೂನಿನ ಮಧ್ಯಪ್ರವೇಶ

ಒಳಗೇ ಬಗೆಹರಿಯದ ವಿವಾದಗಳು ಕಾನೂನಿನ ಬಾಗಿಲಿಗೆ ಬರುತ್ತವೆ. ಕರ್ನಾಟಕದ 1960ರ ಕಾಯ್ದೆಯ 25ನೆಯ ಪ್ರಕರಣದಂತೆ ನೋಂದಣಾಧಿಕಾರಿಯು ಸಂಘದ ವ್ಯವಹಾರಗಳ ಬಗ್ಗೆ ಸ್ವಯಂಪ್ರೇರಣೆಯಿಂದ, ಅಥವಾ ಆಡಳಿತ ಮಂಡಳಿಯ ಬಹುಮತದ ಇಲ್ಲವೇ ಸದಸ್ಯರಲ್ಲಿ ಕನಿಷ್ಠ ಮೂರನೆಯ ಒಂದು ಭಾಗದವರ ಅರ್ಜಿಯ ಮೇಲೆ, ವಿಚಾರಣೆ ನಡೆಸಬಹುದು. ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸುವ ಅವಕಾಶವೂ ಕಾಯ್ದೆಯಲ್ಲಿದೆ. ಸಹಕಾರ ಸಂಘಗಳ ವಿಷಯದಲ್ಲಿ 2011ರ 97ನೆಯ ಸಂವಿಧಾನ ತಿದ್ದುಪಡಿಯು ಸಂಘ ರಚನೆಯನ್ನು ಮೂಲಭೂತ ಹಕ್ಕಿನ ವ್ಯಾಪ್ತಿಗೆ ತಂದು, ನಿರ್ದ���ಶಕರ ಗರಿಷ್ಠ ಸಂಖ್ಯೆಯನ್ನು 21ಕ್ಕೂ ಅವಧಿಯನ್ನು ಐದು ವರ್ಷಕ್ಕೂ ನಿಗದಿಪಡಿಸಿತ್ತು. ರಾಜ್ಯಗಳ ಅನುಮೋದನೆ ಪಡೆದಿರಲಿಲ್ಲವೆಂಬ ಕಾರಣಕ್ಕೆ, ರಾಜ್ಯಮಟ್ಟದ ಸಹಕಾರ ಸಂಘಗಳಿಗೆ ಅನ್ವಯಿಸುವಷ್ಟರ ಮಟ್ಟಿಗೆ ಅದರ 9ಬಿ ಭಾಗವನ್ನು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ರದ್ದುಪಡಿಸಿತು.

ಆಡಳಿತಾಧಿಕಾರಿ ಬಂದ ಮೇಲೆ ಲೆಕ್ಕಪತ್ರ ಸರಿಹೋಗಬಹುದು, ಚುನಾವಣೆಯೂ ನಡೆಯಬಹುದು. ವ್ಯಾಜ್ಯದ ವರ್ಷಗಳಲ್ಲಿ ದೂರ ಸರಿದ ಸದಸ್ಯರನ್ನು ಮರಳಿ ಕರೆತರುವ ಅಧಿಕಾರ ಮಾತ್ರ ಯಾವ ಪ್ರಕರಣದಲ್ಲೂ ಇಲ್ಲ.

ಟೀಕೆಗಳು

ಸಹಭಾಗಿತ್ವದ ಮಾದರಿಗಳಿಗೂ ಟೀಕೆಗಳಿವೆ. ಎಲ್ಲವನ್ನೂ ಎಲ್ಲರೂ ಸೇರಿ ತೀರ್ಮಾನಿಸಬೇಕೆಂದರೆ ಬಿಡುವಿದ್ದವರ ಮಾತೇ ನಡೆಯುತ್ತದೆ; ದಿನಗೂಲಿಯವರು, ಚಿಕ್ಕ ಮಕ್ಕಳ ತಾಯಂದಿರು, ದೂರದ ಊರಿನವರು ದೀರ್ಘ ಸಭೆಗಳಿಂದ ತಾವಾಗಿಯೇ ಹೊರಗುಳಿಯುತ್ತಾರೆ. ಸ್ವಸಹಾಯ ಗುಂಪುಗಳ ವಿಷಯದಲ್ಲಿ, ಉಳಿತಾಯ ಮತ್ತು ಮರುಪಾವತಿಯ ಜೊತೆಗೆ ಸರ್ಕಾರದ ಇತರ ಯೋಜನೆಗಳ ಪ್ರಚಾರ, ಸಮೀಕ್ಷೆ, ಜಾಥಾಗಳ ಹೊರೆಯೂ ವೇತನವಿಲ್ಲದೆ ಮಹಿಳೆಯರ ಮೇಲೆ ಬೀಳುತ್ತಿದೆ ಎಂಬ ಆಕ್ಷೇಪವಿದೆ. ಪರಿಚಿತರೇ ಸೇರಿ ಕಟ್ಟುವ ಗುಂಪಿನಲ್ಲಿ ನಂಬಿಕೆ ಹೆಚ್ಚಿರುವುದು ನಿಜವಾದರೂ, ಊರಿನ ಅತಿ ಬಡವರೂ ಹೊರಗಿನಿಂದ ಬಂದವರೂ ಅಂಥ ಯಾವ ಗುಂಪಿಗೂ ಸೇರದೆ ಉಳಿಯುವ ಸಂಭವವಿದೆ. ಇನ್ನು ಪದವಿಗಳ ಸರದಿಯನ್ನು ಕಟ್ಟುನಿಟ್ಟಾಗಿ ಪಾಲಿಸುವ ಸಂಘಗಳಲ್ಲಿ ಅನುಭವ ಸೋರಿಹೋಗಿ, ಎಲ್ಲ ವರ್ಷಗಳಲ್ಲೂ ಬದಲಾಗದೆ ಇರುವ ವೇತನದ ವ್ಯವಸ್ಥಾಪಕರ ಮಾತೇ ಕೊನೆಯ ಮಾತಾಗುವುದೂ ಉಂಟು.